ಬಾಟಲಿಗೆ ಲೇಬಲ್: ಮನೆಯ ಪ್ರಿಂಟರೋ, ಪೇಟೆಯ ಅಂಗಡಿಯೋ?

ಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ದ್ರಾಕ್ಷಿ ಸ್ಕ್ವಾಷ್, ಚಟ್ನಿಪುಡಿ, ಗಾಣದ ಎಣ್ಣೆ ಇಂಥದ್ದನ್ನು ಬಾಟಲಿಗೆ ತುಂಬಿ ಹಂಚಲೋ ಮಾರಲೋ ಹೊರಟವರು ಮೊದಲು ಕೇಳುವುದು ‘ಯಾವ ಪ್ರಿಂಟರ್ ತಗೊಳ್ಳಲಿ?’ ಅಂತ. ನನ್ನ ಪ್ರಕಾರ ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ. ಬೆಂಗಳೂರಿನಂಥ ಊರಲ್ಲಿ ಎಷ್ಟೋ ಸಲ ಅದನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ. ಲೇಬಲ್ ಮುದ್ರಣದ ದೋಷದಿಂದ ಕೆಡುವುದು ಅಪರೂಪ. ಕಾಗದ ಎಣ್ಣೆ ಕುಡಿದು, ಫ್ರಿಜ್ಜಿನ ತೇವಕ್ಕೆ ನೆಂದು, ಅಂಟು ಬಿಟ್ಟು ಕೆಡುವುದೇ ಜಾಸ್ತಿ.

ಹಾಗಾಗಿ ಮೊದಲು ಬಾಟಲಿಯನ್ನು ವಿಚಾರಿಸಿಕೊಳ್ಳಿ. ಅದರ ಮೈಮೇಲೆ ಎಣ್ಣೆ ಇಳಿಯುತ್ತದೆಯೇ? ಫ್ರಿಜ್ಜಿಗೆ ಹೋಗಿ ಬರುತ್ತಿರುತ್ತದೆಯೇ? ಖಾಲಿಯಾದ ಮೇಲೆ ತೊಳೆದು ಮತ್ತೆ ತುಂಬಲು ನಿಮ್ಮ ಕೈಗೇ ವಾಪಸು ಬರುತ್ತದೆಯೇ? ಒಂದು ಸಲಕ್ಕೆ ಎಷ್ಟು ಬಾಟಲಿ, ಲೇಬಲ್ ಮೇಲಿನ ಮಾತು ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ? ಇಷ್ಟಕ್ಕೆ ಉತ್ತರ ಸಿಕ್ಕರೆ ಕಾಗದ ಯಾವುದೆಂದು ತಾನಾಗಿ ತೀರ್ಮಾನವಾಗುತ್ತದೆ. ಕಾಗದ ತೀರ್ಮಾನವಾದರೆ ಪ್ರಿಂಟರೂ ಆದ ಹಾಗೆಯೇ.

ಮೊದಲು ಕಾಗದ

ಎಲ್ಲಕ್ಕಿಂತ ಅಗ್ಗದ ದಾರಿ ಎಂದರೆ ಮಾಮೂಲಿ 70–80 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಕಾಗದದಲ್ಲಿ ಜೆರಾಕ್ಸ್ ಅಂಗಡಿಯಿಂದ ಕಲರ್ ಲೇಸರ್ ಪ್ರಿಂಟ್ ತೆಗೆಸಿ, ಕತ್ತರಿಸಿ, ಗೋಂದಿನಲ್ಲೋ ತೆಳು ಮೈದಾ ಅಂಟಿನಲ್ಲೋ ಹಚ್ಚುವುದು. ಹಾಲಿನಲ್ಲೂ ಹಚ್ಚಬಹುದು, ತಮಾಷೆಯಲ್ಲ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಒಣಗಿದಾಗ ಕಾಗದವನ್ನು ಗಾಜಿಗೆ ಚೆನ್ನಾಗಿ ಹಿಡಿಸುತ್ತದೆ. ವಾಪಸು ಬರುವ ಬಾಟಲಿಗಳಿಗೆ ಲೇಬಲ್ ಹಚ್ಚಲು ಬಿಯರ್ ಕಾರ್ಖಾನೆಗಳು ಬಳಸುತ್ತ ಬಂದಿರುವುದೂ ಕೇಸೀನ್‌ನಿಂದ ಮಾಡಿದ ಅಂಟನ್ನೇ. ತೊಳೆಯುವಾಗ ಅದು ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಮನೆಯಲ್ಲಿ ಮಾಡುವುದಾದರೆ ಲೇಬಲ್ಲಿನ ಬೆನ್ನಿಗೆ ಬ್ರಷ್ಷಿನಲ್ಲಿ ತೆಳ್ಳಗೆ ಹಾಲು ಸವರಿ, ಬಾಟಲಿಗೆ ಇಟ್ಟು, ಒಣ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒತ್ತಿ ಒರೆಸಿದರೆ ಆಯಿತು. ಅಂಚಿನಿಂದ ಹೊರಬಂದ ಹಾಲನ್ನು ಆಗಲೇ ಒದ್ದೆ ಬಟ್ಟೆಯಲ್ಲಿ ತೆಗೆಯದಿದ್ದರೆ ಗಾಜಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ.

ಈ ದಾರಿಯ ಅನುಕೂಲ ಒಂದೇ, ಆದರೆ ದೊಡ್ಡದು: ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಲೇಬಲ್ ತಾನೇ ಜಾರಿ ಬೀಳುತ್ತದೆ. ಅಪಾರ್ಟ್‌ಮೆಂಟಿನೊಳಗೇ ತುಪ್ಪ, ಜೇನು, ಚಟ್ನಿಪುಡಿ ಕೊಟ್ಟು ಖಾಲಿ ಬಾಟಲಿ ವಾಪಸು ಇಸಿದುಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಫ್ರಿಜ್ಜಿಗೆ ಹೋಗುವ ಬಾಟಲಿಗೆ ಮಾತ್ರ ಬೇಡ. ಇಂಕ್‌ಜೆಟ್‌ನಲ್ಲಿ ಮುದ್ರಿಸಿದ ಕಾಗದಕ್ಕೂ ಬೇಡ, ಹಾಲು ತಾಗಿದೊಡನೆ ಬಣ್ಣ ಹರಡುತ್ತದೆ. ಮೈದಾ ಅಂಟು ಹಚ್ಚಿದ್ದನ್ನು ಮಳೆಗಾಲದಲ್ಲಿ ಗಾಳಿಯಾಡದ ಕಪಾಟಿನಲ್ಲಿಟ್ಟರೆ ಬೂಷ್ಟು ಬರುವ ಸಂಭವವೂ ಉಂಟು.

ಎರಡನೆಯದು ಕಾಗದದ ಸ್ಟಿಕ್ಕರ್. ಎ4 ಅಳತೆಯಲ್ಲಿ ಮ್ಯಾಟ್ (ಹೊಳಪಿಲ್ಲದ್ದು), ಗ್ಲಾಸಿ (ಹೊಳಪಿನದು) ಎರಡೂ ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತವೆ. ಪ್ರೆಸ್ಸಿನವರು ಹೊಳಪಿನ ಬಗೆಗೆ ‘ಮಿರರ್ ಕೋಟ್’ ಅನ್ನುತ್ತಾರೆ, ಕೆಲವರು ಸ್ಟಿಕ್ಕರ್ ಹಾಳೆಗೆಲ್ಲ ಸೇರಿಸಿ ‘ಗಮ್ಮಿಂಗ್ ಶೀಟ್’ ಅಂದುಬಿಡುತ್ತಾರೆ. ಒಣ ಪದಾರ್ಥಕ್ಕೆ, ಅಂದರೆ ಚಟ್ನಿಪುಡಿ, ಸಾಂಬಾರ್ ಪುಡಿ, ಹುರಿಹಿಟ್ಟು, ಇದು ಧಾರಾಳವಾಗಿ ಸಾಕು. ಉಪ್ಪಿನಕಾಯಿಗೆ ಸಾಲದು. ಚಮಚದಲ್ಲಿ ತೆಗೆಯುವಾಗ ಬಾಯಂಚಿನಿಂದ ಇಳಿದ ಒಂದು ಹನಿ ಎಣ್ಣೆ ಲೇಬಲ್ಲಿನ ಮೇಲಂಚಿಗೆ ತಾಗಿದರೆ ಸಾಕು, ಕಾಗದದ ಎಳೆಯೊಳಗೆ ತಾನಾಗಿ ಹಬ್ಬುತ್ತ ಮರುದಿನಕ್ಕೆ ಅರ್ಧ ಲೇಬಲ್ ಪಾರದರ್ಶಕವಾಗಿರುತ್ತದೆ. ಮೇಲೆ ಲ್ಯಾಮಿನೇಷನ್ ಮಾಡಿಸಿದರೆ ಮುಖಕ್ಕೆ ರಕ್ಷಣೆ ಸಿಗುತ್ತದೆ, ಆದರೆ ಕತ್ತರಿಸಿದ ಅಂಚು ತೆರೆದೇ ಇರುತ್ತದೆ. ಎಣ್ಣೆ ನುಗ್ಗುವುದು ಅಲ್ಲಿಂದಲೇ.

ಮೂರನೆಯದು ಪ್ಲಾಸ್ಟಿಕ್ ಫಿಲ್ಮ್: ಪಿಪಿ (ಪಾಲಿಪ್ರೊಪಿಲೀನ್), ವಿನೈಲ್, ಪಾಲಿಯೆಸ್ಟರ್. ಇವುಗಳೊಳಗೆ ನೀರು, ಎಣ್ಣೆ ಇಳಿಯುವುದಿಲ್ಲ. ಮಿಡಿ ಉಪ್ಪಿನಕಾಯಿ, ಕೂದಲೆಣ್ಣೆ, ಫ್ರಿಜ್ಜಿನಲ್ಲಿಡುವ ಸ್ಕ್ವಾಷ್, ಮುರುಗಲು ಶರಬತ್ತು ಇವಕ್ಕೆಲ್ಲ ಇದೇ ಸರಿ. ಪಿಪಿ ತೆಳುವಾಗಿ ಚೊಕ್ಕವಾಗಿ ಕೂರುತ್ತದೆ. ವಿನೈಲ್ ಮೆತ್ತಗೆ ಬಗ್ಗುವುದರಿಂದ ಸಣ್ಣ ಸುತ್ತಳತೆಯ ಬಾಟಲಿಗೆ ಚೆನ್ನಾಗಿ ಒಗ್ಗುತ್ತದೆ. ಬೆಲೆ ಕಾಗದಕ್ಕಿಂತ ಹೆಚ್ಚು. ಬಾಟಲಿ ವಾಪಸು ಪಡೆಯುವವರಿಗೆ ಇದು ತಲೆನೋವು, ಯಾಕೆಂದರೆ ನೆನೆಸಿದರೂ ಬಿಡುವುದಿಲ್ಲ. ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ ಎಳೆದು, ಉಳಿದ ಅಂಟನ್ನು ಕೊಬ್ಬರಿ ಎಣ್ಣೆ, ಅಡುಗೆ ಸೋಡಾ ಕಲಸಿ ತಿಕ್ಕಬೇಕು.

ಪಾರದರ್ಶಕ ಫಿಲ್ಮಿನ ಬಗ್ಗೆ ಒಂದು ಮಾತು. ಜೇನಿನ ಬಾಟಲಿಯ ಮೇಲೆ ನೋಡಲು ಬಲು ಚೆಂದ. ಆದರೆ ಸಾಮಾನ್ಯ ಪ್ರಿಂಟರುಗಳಲ್ಲಿ ಬಿಳಿ ಬಣ್ಣ ಇರುವುದೇ ಇಲ್ಲ. ಬಿಳಿ ಇರಬೇಕಾದ ಕಡೆ ಒಳಗಿನ ಪದಾರ್ಥ ಕಾಣಿಸುತ್ತದೆ, ಕಪ್ಪು ಬಿಟ್ಟು ಬೇರೆ ಬಣ್ಣಗಳೆಲ್ಲ ಅದರೊಳಗೆ ಮುಳುಗುತ್ತವೆ. ಕಪ್ಪು ದ್ರಾಕ್ಷಿ ಸ್ಕ್ವಾಷ್ ಮೇಲೆ ಹಸಿರು ಅಕ್ಷರ ಹುಡುಕಿದರೂ ಸಿಗಲಿಕ್ಕಿಲ್ಲ. ಬಿಳಿ ಇಂಕ್ ಹಾಕುವ ಪ್ರೆಸ್ ಸಿಕ್ಕರೆ ಮಾಡಿಸಿ, ಇಲ್ಲವೆಂದರೆ ಬಿಟ್ಟುಬಿಡಿ.

ಯಾವುದನ್ನೇ ಕೊಂಡರೂ ಮೊದಲು ಒಂದೇ ಒಂದು ಹಾಳೆ ತಂದು ಪರೀಕ್ಷೆ ಮಾಡುವುದು ಜಾಣತನ. ಮುದ್ರಿಸಿದ ಲೇಬಲ್ಲನ್ನು ತುಂಬಿದ ಬಾಟಲಿಗೆ ಹಚ್ಚಿ, ಒಂದು ದಿನ ಬಿಟ್ಟು, ರಾತ್ರಿ ಪೂರ್ತಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಹೊರಗೆ ತೆಗೆದು, ಮೈತುಂಬ ನೀರ ಹನಿ ಕೂತಾಗ ಹೆಬ್ಬೆರಳಿನಲ್ಲಿ ಗಟ್ಟಿಯಾಗಿ ಉಜ್ಜಿ. ಆಮೇಲೆ ಮೇಲಂಚಿಗೆ ಒಂದು ಹನಿ ಎಣ್ಣೆ ಬಿಟ್ಟು ಸಂಜೆಯವರೆಗೆ ಕಾಯಿರಿ. ಮಾರುವವರ ಜಾಹೀರಾತಿನಲ್ಲಿರುವ ‘ವಾಟರ್‌ಪ್ರೂಫ್’ ಎಂಬ ಮಾತಿಗಿಂತ ನಿಮ್ಮ ಹೆಬ್ಬೆರಳನ್ನೇ ನಂಬಿ.

ಮನೆಯಲ್ಲೇ ಮುದ್ರಿಸುವುದಾದರೆ

ಬೆಂಗಳೂರಿನ ಮನೆಗಳಲ್ಲಿ ಮಕ್ಕಳ ಪ್ರಾಜೆಕ್ಟಿಗೆಂದು ತಂದ ಇಂಕ್‌ಟ್ಯಾಂಕ್ ಪ್ರಿಂಟರ್ ಈಗ ಮಾಮೂಲು. ಅದರ ಬಣ್ಣಗಳು ಹೆಚ್ಚಾಗಿ ಡೈ ಇಂಕ್, ಅಂದರೆ ನೀರಿನಲ್ಲಿ ಕರಗುವಂಥವು. ಕೆಲವು ಮಾದರಿಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್ ಇಂಕ್, ಅದು ನೀರಿಗೆ ಅಷ್ಟಾಗಿ ಜಗ್ಗುವುದಿಲ್ಲ. ನಿಮ್ಮದು ಯಾವುದೆಂದು ಇಂಕ್ ಬಾಟಲಿಯ ಡಬ್ಬದ ಮೇಲೆ ಬರೆದಿರುತ್ತದೆ. ಡೈ ಇಂಕಿನ ಲೇಬಲ್ ಮೇಲೆ ಲ್ಯಾಮಿನೇಷನ್ ಇರಲೇಬೇಕು. ಬಿಸಿ ಯಂತ್ರ ಇಲ್ಲದವರು ಕೈಯಲ್ಲೇ ಅಂಟಿಸುವ ಕೋಲ್ಡ್ ಲ್ಯಾಮಿನೇಷನ್ ಹಾಳೆ ಬಳಸಬಹುದು. ಅಷ್ಟಾದರೂ ಅಂಚಿನಿಂದ ತೇವ ಹೋದರೆ ಬಣ್ಣ ಒಸರುತ್ತದೆ.

ಇನ್ನೊಂದು ತೊಡಕು ಹಾಳೆಯದ್ದು. ಪ್ರೆಸ್ಸಿಗೆಂದು ಮಾಡಿದ ಹೊಳಪಿನ ಮಿರರ್ ಕೋಟ್ ಹಾಳೆಯನ್ನು ಇಂಕ್‌ಜೆಟ್ಟಿಗೆ ಹಾಕಿದರೆ ಇಂಕ್ ಹೀರುವ ಪದರವೇ ಅದರಲ್ಲಿಲ್ಲದ ಕಾರಣ ಗಂಟೆಗಟ್ಟಲೆ ಒಣಗದೆ ಬೆರಳಿಗೆ ಹತ್ತುತ್ತದೆ. ‘ಇಂಕ್‌ಜೆಟ್ ಫೋಟೊ ಸ್ಟಿಕ್ಕರ್’ ಎಂದು ಬರೆದಿರುವುದೇ ಬೇಕು.

ಲೇಸರ್ ಪ್ರಿಂಟರ್ ಇಂಕ್ ಬಳಸುವುದಿಲ್ಲ. ಟೋನರ್ ಎಂದರೆ ಬಣ್ಣದ ಪ್ಲಾಸ್ಟಿಕ್ ಪುಡಿ. ಅದನ್ನು ಬಿಸಿ ರೋಲರಿನಲ್ಲಿ ಕರಗಿಸಿ ಹಾಳೆಗೆ ಅಂಟಿಸುತ್ತದೆ. ಹಾಗಾಗಿ ನೀರು ಬಿದ್ದರೆ ಕಾಗದ ನೆನೆಯಬಹುದು, ಅಕ್ಷರ ಹರಡುವುದಿಲ್ಲ. ನನಗೆ ಕೇಳಿದರೆ ಬಾಟಲಿ ಲೇಬಲ್ಲಿಗೆ ಇಂಕ್‌ಜೆಟ್‌ಗಿಂತ ಲೇಸರ್ ಎಲ್ಲ ರೀತಿಯಲ್ಲೂ ಮೇಲು. ಹಾಗೆಂದು ಲೇಬಲ್ಲಿಗಾಗಿಯೇ ಕಲರ್ ಲೇಸರ್ ಕೊಳ್ಳುವುದು ದುಂದು. ಕಪ್ಪು ಬಿಳುಪಿನ ಲೇಸರ್ ಮನೆಯಲ್ಲಿದ್ದರೆ ಖಾಕಿ ಬಣ್ಣದ ಕ್ರಾಫ್ಟ್ ಸ್ಟಿಕ್ಕರ್ ಹಾಳೆಯ ಮೇಲೆ ಬರೀ ಕಪ್ಪಕ್ಷರದಲ್ಲಿ ಮುದ್ರಿಸಿ ನೋಡಿ, ಚಟ್ನಿಪುಡಿಯ ಬಾಟಲಿಗೆ ಅದೇ ಒಂದು ಗತ್ತು ಕೊಡುತ್ತದೆ. ಎಚ್ಚರ ವಹಿಸಬೇಕಾದ್ದು ಒಂದು ಕಡೆ: ಇಂಕ್‌ಜೆಟ್ಟಿಗೆ ಮೀಸಲಾದ ವಿನೈಲ್ ಹಾಳೆಯನ್ನು ಅಪ್ಪಿತಪ್ಪಿ ಲೇಸರಿಗೆ ಹಾಕಬಾರದು. ರೋಲರಿನ ಬಿಸಿಗೆ ಅದು ಕರಗಿ ಒಳಗೇ ಸುತ್ತಿಕೊಂಡರೆ ರಿಪೇರಿಯ ಖರ್ಚಿನಲ್ಲಿ ವರ್ಷದ ಲೇಬಲ್ ಮಾಡಿಸಬಹುದಿತ್ತು ಅನ್ನಿಸುತ್ತದೆ.

ಥರ್ಮಲ್ ಪ್ರಿಂಟರ್, ಅಂದರೆ ಸೂಪರ್ ಮಾರ್ಕೆಟ್ಟಿನಲ್ಲಿ ತೂಕ ಹಾಕಿ ಚೀಟಿ ಅಂಟಿಸುವ ಬಗೆಯದ್ದು. ಇಂಕೂ ಇಲ್ಲ, ಟೋನರೂ ಇಲ್ಲ. ಬಿಸಿ ತಾಗಿದಲ್ಲಿ ಹಾಳೆ ಕಪ್ಪಾಗುತ್ತದೆ. ಅದೇ ಅದರ ದೌರ್ಬಲ್ಯವೂ ಹೌದು: ಬಿಸಿಲಿಗೆ, ಒಲೆಯ ಪಕ್ಕದ ಶಾಖಕ್ಕೆ, ಎಣ್ಣೆಗೆ ಮಾಸುತ್ತದೆ ಇಲ್ಲವೇ ಪೂರ್ತಿ ಕಪ್ಪಿಡುತ್ತದೆ. ಮುಖ್ಯ ಲೇಬಲ್ಲಿಗೆ ನಾನು ಇದನ್ನು ಹೇಳುವುದಿಲ್ಲ. ತಯಾರಿಕೆಯ ದಿನಾಂಕ, ಬ್ಯಾಚ್ ನಂಬರ್ ಹಾಕುವ ಚಿಕ್ಕ ಚೀಟಿಗೆ ಇದರಷ್ಟು ಸಲೀಸಾದದ್ದು ಬೇರೆ ಇಲ್ಲ. ರಿಬ್ಬನ್ ಹಾಕಿ ಮುದ್ರಿಸುವ ಥರ್ಮಲ್ ಟ್ರಾನ್ಸ್‌ಫರ್ ಯಂತ್ರಗಳು ಬೇರೆ ಜಾತಿ, ಅವುಗಳ ಅಕ್ಷರ ಬಹುಕಾಲ ಬಾಳುತ್ತದೆ. ಆದರೆ ಮನೆಯ ಮಟ್ಟಕ್ಕೆ ಅದು ಭಾರ.

ಒಟ್ಟಿನಲ್ಲಿ ಮನೆಯ ಪ್ರಿಂಟರ್ ಯಾರಿಗೆ ಸರಿ? ಪ್ರತಿ ವಾರ ಪದಾರ್ಥ ಬದಲಾಗುವವರಿಗೆ, ಒಂದು ಸಲಕ್ಕೆ ಹತ್ತಿಪ್ಪತ್ತು ಬಾಟಲಿ ದಾಟದವರಿಗೆ, ಮದುವೆ, ಗೃಹಪ್ರವೇಶಕ್ಕೆ ಬಂದವರ ಹೆಸರು ಬರೆದ ಪುಟ್ಟ ಬಾಟಲಿ ಕೊಡಬೇಕೆಂಬ ಆಸೆ ಇರುವವರಿಗೆ. ವರ್ಷಪೂರ್ತಿ ಒಂದೇ ಮಾವಿನಕಾಯಿ ಉಪ್ಪಿನಕಾಯಿ ಹಾಕುವವರು ಪ್ರಿಂಟರ್ ಕೊಳ್ಳಲು ಎಸ್.ಪಿ. ರೋಡಿಗೆ ಹೋಗುವ ಬದಲು ಅಲ್ಲಿಂದ ಇನ್ನೆರಡು ಬೀದಿ ಮುಂದೆ ನಡೆದರೆ ಹಣ ಉಳಿಯುತ್ತದೆ.

ಪೇಟೆಗೆ ಹೋದರೆ

ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆ ಸುತ್ತಮುತ್ತ ಕಾಗದದ ವ್ಯಾಪಾರಿಗಳು, ಲಗ್ನಪತ್ರಿಕೆಯವರು, ಡಿಜಿಟಲ್ ಪ್ರಿಂಟಿನವರು ಒತ್ತೊತ್ತಾಗಿ ಕೂತಿದ್ದಾರೆ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆಯಿರಿ, ಕಾರು ತಗೊಂಡು ಹೋಗಿ ಕಷ್ಟಪಡಬೇಡಿ. ಭಾನುವಾರ ಬಹುಪಾಲು ಅಂಗಡಿ ಮುಚ್ಚಿರುತ್ತವೆ. ಮದುವೆ ಸೀಸನ್ನಿನಲ್ಲಿ ಹೋದರೆ ನಿಮ್ಮ ಐವತ್ತು ಲೇಬಲ್ಲಿಗೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಆಷಾಢದಲ್ಲಿ ಹೋಗಿ, ಸ್ಟೂಲ್ ಹಾಕಿ ಕೂರಿಸಿ ಸ್ಯಾಂಪಲ್ ತೋರಿಸುತ್ತಾರೆ.

ಒಳಗೆ ಕಾಲಿಟ್ಟ ಕೂಡಲೇ ಬರುವ ಪ್ರಶ್ನೆ: “ಹಾಫ್ ಕಟ್ಟಾ ಮೇಡಂ, ಫುಲ್ ಕಟ್ಟಾ?” ಹಾಫ್ ಕಟ್ ಎಂದರೆ ಮೇಲಿನ ಸ್ಟಿಕ್ಕರನ್ನು ಮಾತ್ರ ಕುಯ್ದು ಕೆಳಗಿನ ಹಾಳೆಯನ್ನು ಹಾಗೇ ಬಿಡುವುದು, ಉಗುರಿನಲ್ಲಿ ಎಬ್ಬಿಸಿ ಒಂದೊಂದಾಗಿ ಕೀಳಬಹುದು. ಫುಲ್ ಕಟ್ ಎಂದರೆ ಬಿಡಿ ಬಿಡಿ ತುಂಡು, ಪ್ರತಿಯೊಂದರ ಹಿಂಬದಿಯನ್ನೂ ಕೆರೆದು ತೆಗೆಯಬೇಕು. ನೂರು ಬಾಟಲಿಗೆ ಹಚ್ಚುವ ಹೊತ್ತಿಗೆ ಉಗುರು ಸವೆಯುತ್ತದೆ. ಹಾಫ್ ಕಟ್ಟನ್ನೇ ಹೇಳಿ. ಗುಂಡಗಿನ, ವಕ್ರ ಆಕಾರಗಳಿಗೆ ಪ್ಲಾಟರ್ ಯಂತ್ರ ಬೇಕು, ಅದರ ಕಟಿಂಗ್ ಚಾರ್ಜ್ ಬೇರೆ. ನೇರ ಅಂಚಿನ ಲೇಬಲ್ ಮಾಡಿದಿರಿ ಎಂದರೆ ಆ ದುಡ್ಡು ಬಹುಮಟ್ಟಿಗೆ ಉಳಿಯಿತು. ಮೂಲೆ ಮಾತ್ರ ಸ್ವಲ್ಪ ದುಂಡಗೆ ಮಾಡಿಸಿ, ಚೂಪು ಮೂಲೆಯೇ ಮೊದಲು ಏಳುವುದು.

ದರ ಕೇಳುವಾಗ ಲೇಬಲ್ಲಿಗೆ ಎಷ್ಟು ಎಂದು ಕೇಳಬೇಡಿ, ಶೀಟಿಗೆ ಎಷ್ಟು ಎಂದು ಕೇಳಿ. ಡಿಜಿಟಲ್ ಅಂಗಡಿಗಳಲ್ಲಿ 12×18 ಅಥವಾ 13×19 ಇಂಚಿನ ಶೀಟು ಓಡುತ್ತದೆ. ಲೆಕ್ಕ ಹಾಕಿ ನೋಡಿ: 60×80 ಮಿ.ಮೀ. ಲೇಬಲ್, ನಡುವೆ 2 ಮಿ.ಮೀ. ಅಂತರ, ಸುತ್ತ 5 ಮಿ.ಮೀ. ಅಂಚು ಬಿಟ್ಟರೆ ಎ4 ಹಾಳೆಯಲ್ಲಿ 9 ಹಿಡಿಯುತ್ತವೆ. 12×18ರಲ್ಲಿ ಉದ್ದಕ್ಕೆ ಜೋಡಿಸಿದರೆ 20, ಲೇಬಲ್ಲನ್ನು ಅಡ್ಡ ತಿರುಗಿಸಿದರೆ 21. ಅದೇ 13×19ರಲ್ಲಿ ಉದ್ದಕ್ಕೇ 25. ಒಂದಿಂಚು ದೊಡ್ಡ ಶೀಟಿಗೆ ಕೊಡುವ ನಾಲ್ಕು ಕಾಸಿಗೆ ನಾಲ್ಕೈದು ಲೇಬಲ್ ಹೆಚ್ಚು. ಅಳತೆಯನ್ನು ಒಂದೆರಡು ಮಿ.ಮೀ. ಕಡಿಮೆ ಮಾಡಿದರೆ ಇನ್ನೊಂದು ಸಾಲು ಕೂರುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಂಡು ಹೋಗಿ. ಅಂಗಡಿಯ ಹುಡುಗನಿಗೆ ಅದನ್ನು ಯೋಚಿಸುವ ಪುರುಸೊತ್ತಿಲ್ಲ.

ಲೇಬಲ್ ಸಾವಿರಗಟ್ಟಲೆ ಬೇಕಾದಾಗ ಮಾತ್ರ ರೋಲ್ ಲೇಬಲ್, ಆಫ್‌ಸೆಟ್ ಕಡೆ ತಿರುಗಿ. ಅಲ್ಲಿ ಮುದ್ರಣದ ಪ್ಲೇಟಿಗೆ, ಕತ್ತರಿಸುವ ಅಚ್ಚಿಗೆ (ಡೈ) ಮೊದಲೇ ಖರ್ಚಾಗುತ್ತದೆ. ಆ ಖರ್ಚು ಹಂಚಿಹೋಗುವಷ್ಟು ಸಂಖ್ಯೆ ಇದ್ದರೇ ಅಗ್ಗ. ಗಾಜಿನ ಮೇಲೇ ಸ್ಕ್ರೀನ್ ಪ್ರಿಂಟ್ ಮಾಡಿಸುವುದು ಬಲು ಸೊಗಸು, ತೊಳೆದಷ್ಟೂ ಬಾಳುತ್ತದೆ, ಆದರೆ ಪ್ರತಿ ಬಣ್ಣಕ್ಕೊಂದು ಸ್ಕ್ರೀನ್ ಬೇಕು. ಒಂದೇ ಬಣ್ಣದ ಹೆಸರು, ಚಿಹ್ನೆ ಮಾತ್ರ ಹಾಕಿಸಿ ಉಳಿದದ್ದನ್ನು ಚೀಟಿಗೆ ಬಿಟ್ಟರೆ ಬಾಟಲಿ ವಾಪಸು ಪಡೆಯುವವರಿಗೆ ಹೊಂದುತ್ತದೆ.

ಕನ್ನಡ ಅಕ್ಷರ ಒಡೆಯುವ ಜಾಗ

ವಿನ್ಯಾಸಕ್ಕೆ ಯಾವ ಸಾಫ್ಟ್‌ವೇರ್ ಎಂಬುದನ್ನು ಇಂಗ್ಲಿಷ್ ಲೇಬಲ್ ಮಾಡುವವರು ಅಭಿರುಚಿಯ ಮೇಲೆ ಆರಿಸಿಕೊಳ್ಳಬಹುದು. ನಮಗೆ ಆ ಸೌಭಾಗ್ಯವಿಲ್ಲ. ಮನೆಯ ಫೋನಿನಲ್ಲಿ ಚೆನ್ನಾಗಿಯೇ ಕಂಡ ‘ಉಪ್ಪಿನಕಾಯಿ’ ಅಂಗಡಿಯ ಕಂಪ್ಯೂಟರಿನಲ್ಲಿ ‘ಉಪ್‌ಪಿನಕಾಯಿ’ ಆಗುತ್ತದೆ, ‘ದ್ರಾಕ್ಷಿ’ ಹೋಗಿ ‘ದ್‌ರಾಕ್‌ಷಿ’ ಬರುತ್ತದೆ. ಯೂನಿಕೋಡ್ ಕನ್ನಡದ ಒತ್ತಕ್ಷರ ಜೋಡಿಸಲು ಬಾರದ ಹಳೆಯ ಆವೃತ್ತಿಯ ಕೋರೆಲ್‌ಡ್ರಾ, ಫೋಟೊಶಾಪ್ ಈಗಲೂ ಎಷ್ಟೋ ಕಡೆ ಓಡುತ್ತಿವೆ. ಅಲ್ಲಿನ ಡಿಟಿಪಿಯವರು ನುಡಿ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡಿಗೆ ಮುಂಚಿನ) ಫಾಂಟಿನಲ್ಲಿ ಟೈಪ್ ಮಾಡಿ ಕೆಲಸ ಮುಗಿಸುತ್ತಾರೆ. ಮುದ್ರಣಕ್ಕೆ ಅದರಿಂದ ತೊಂದರೆಯೇನೂ ಇಲ್ಲ. ಆ ಫೈಲನ್ನು ನೀವು ಮನೆಗೆ ತಂದು ತೆರೆದರೆ ಫಾಂಟ್ ಇಲ್ಲದೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ, ಅಷ್ಟೇ.

ಕ್ಯಾನ್ವಾ ಎಂಬ ವಿನ್ಯಾಸದ ಆ್ಯಪ್ ಫೋನಿನಲ್ಲೇ ನಡೆಯುತ್ತದೆ, ಕನ್ನಡವನ್ನು ಒಡೆಯದೆ ತೋರಿಸುತ್ತದೆ, ತಯಾರಾದ ಮಾದರಿಗಳು ಬೇಕಾದಷ್ಟಿವೆ. ಆ ಮಾದರಿಗಳೇ ಅದರ ಶಾಪ ಕೂಡ. ಅಪಾರ್ಟ್‌ಮೆಂಟ್ ಸಂತೆಯಲ್ಲಿ ಸಾಲಾಗಿ ಇಟ್ಟ ಬಾಟಲಿಗಳೆಲ್ಲದರ ಮೇಲೂ ಅದೇ ಎಲೆ ಬಳ್ಳಿಯ ಚೌಕಟ್ಟು. ಇಂಕ್‌ಸ್ಕೇಪ್ ಉಚಿತ, ಕಂಪ್ಯೂಟರ್ ಬೇಕು, ಕಲಿಯಲು ಎರಡು ಮೂರು ಸಂಜೆ ಹಿಡಿಯುತ್ತದೆ. ಮಿ.ಮೀ. ಲೆಕ್ಕದಲ್ಲಿ ಕರಾರುವಾಕ್ಕಾಗಿ ಕೆಲಸ ಮಾಡುತ್ತದೆ, ಮುಖ್ಯವಾಗಿ ಅಕ್ಷರಗಳನ್ನು ಆಕೃತಿಯಾಗಿ ಬದಲಿಸಿಕೊಡುತ್ತದೆ. ಪ್ರೆಸ್ಸಿನವರು ಇದಕ್ಕೆ ‘ಕರ್ವ್ಸ್ ಮಾಡೋದು’ ಅನ್ನುತ್ತಾರೆ. ಒಮ್ಮೆ ಕರ್ವ್ಸ್ ಆದರೆ ಯಾವ ಹಳೆಯ ಕಂಪ್ಯೂಟರಿನಲ್ಲಿ ತೆರೆದರೂ ಒತ್ತು ಅಲುಗಾಡುವುದಿಲ್ಲ. ಆಮೇಲೆ ತಿದ್ದಲಿಕ್ಕೆ ಬಾರದು, ಆದ್ದರಿಂದ ತಿದ್ದಬಹುದಾದ ಮೂಲ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಕನ್ನಡ ಲೇಬಲ್ಲಿಗೆ ನನ್ನ ಮತ ಇಂಕ್‌ಸ್ಕೇಪಿಗೆ. ಅದಕ್ಕೆ ಪುರುಸೊತ್ತಿಲ್ಲದವರು ಕ್ಯಾನ್ವಾದಲ್ಲೇ ಮಾಡಿ ಪಿಡಿಎಫ್ ಪ್ರಿಂಟ್ ಆಗಿ ಇಳಿಸಿಕೊಳ್ಳಲಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಲೇಬಾರದು, ಅದು ಚಿತ್ರವನ್ನು ಹಿಂಡಿ ಸಣ್ಣ ಅಕ್ಷರವನ್ನೆಲ್ಲ ಮಸುಕು ಮಾಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಒಯ್ಯಿರಿ. ಚಿತ್ರವಾಗಿಯೇ ಕೊಡಬೇಕಾಗಿ ಬಂದರೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ, 60×80 ಮಿ.ಮೀ.ಗೆ ಹತ್ತಿರ ಹತ್ತಿರ 709×945 ಪಿಕ್ಸೆಲ್.

ಫಾಂಟುಗಳಿಗೆ ಈಗ ಬರವಿಲ್ಲ. ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ತಿರೊ ಕನ್ನಡ, ಬಲೂ ತಮ್ಮ ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಮಾರುವ ಸರಕಿನ ಮೇಲೂ ಬಳಸಬಹುದು. ಬಲೂ ತಮ್ಮ ದಪ್ಪ, ಗುಂಡಗೆ ಇರುವುದರಿಂದ ದೊಡ್ಡದಾಗಿ ಹೆಸರು ಬರೆಯಲು ಚೆಂದ. ಪದಾರ್ಥಗಳ ಪಟ್ಟಿಗೆ ಅದನ್ನೇ ಬಳಸಿದರೆ ಅಕ್ಷರದ ಹೊಟ್ಟೆ ತುಂಬಿಹೋಗಿ ‘ಪ್ಪ’ ಯಾವುದು, ‘ಷ್ಪ’ ಯಾವುದು ತಿಳಿಯುವುದಿಲ್ಲ. ಇಂಗ್ಲಿಷ್ 6 ಪಾಯಿಂಟಿನಲ್ಲಿ ಓದಿಸಿಕೊಳ್ಳುತ್ತದೆ, ಕನ್ನಡಕ್ಕೆ 8 ಆದರೂ ಬೇಕು. ಸಾಲಿನ ನಡುವಿನ ಜಾಗವೂ ಹಾಗೆಯೇ: ಮೇಲಿನ ಸಾಲಿನ ಒತ್ತು ಇಳಿದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಆದ್ದರಿಂದ ಅಕ್ಷರದ ಅಳತೆಯ ಒಂದೂವರೆಯಷ್ಟು ಅಂತರ ಕೊಡಿ. ಇಂಗ್ಲಿಷಿನಲ್ಲಿ ವಿನ್ಯಾಸ ಮುಗಿಸಿ ಆಮೇಲೆ ಕನ್ನಡವನ್ನು ಸಂದಿಯಲ್ಲಿ ತುರುಕುವವರ ಲೇಬಲ್ಲನ್ನು ನೋಡಿದರೇ ಗೊತ್ತಾಗುತ್ತದೆ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಪರದೆಯ ಮೇಲೆ ಮಿನುಗುವ ಗಿಳಿಹಸಿರು, ಕಡುನೀಲಿ ಮುದ್ರಣದಲ್ಲಿ ಮಂಕಾಗಿಯೇ ಬರುತ್ತವೆ. ಅರಿಶಿನ, ಕೆಂಪು, ಕಂದು, ಕಪ್ಪು ಮೋಸ ಮಾಡುವುದಿಲ್ಲ. ಹಿನ್ನೆಲೆಗೆ ಬಣ್ಣವಿದ್ದರೆ ಸುತ್ತ 2–3 ಮಿ.ಮೀ. ಹೆಚ್ಚುವರಿಯಾಗಿ ಹೊರಗೆ ಚಾಚಿರಲಿ, ಇಲ್ಲವಾದರೆ ಕಟಿಂಗ್ ಕೂದಲೆಳೆಯಷ್ಟು ಆಚೀಚೆಯಾದರೂ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ. ಅಂಚಿಗೆ ಒತ್ತಿಕೊಂಡ ತೆಳು ಚೌಕಟ್ಟು ಹಾಕಲೇಬೇಡಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಕಂಡು ಕಟಿಂಗಿನ ವಕ್ರವನ್ನೆಲ್ಲ ಅದು ಸಾರಿ ಹೇಳುತ್ತದೆ.

ಬಾಟಲಿಯ ಅಳತೆ

ಒಂದು ಕಾಗದದ ಪಟ್ಟಿಯನ್ನು ಬಾಟಲಿಗೆ ಸುತ್ತಿ, ಸೇರುವಲ್ಲಿ ಗುರುತು ಹಾಕಿ ಅಳೆದರೆ ಸುತ್ತಳತೆ ಸಿಕ್ಕಿತು. 65 ಮಿ.ಮೀ. ವ್ಯಾಸದ ಜಾರಿಗೆ ಅದು ಸುಮಾರು 204 ಮಿ.ಮೀ. ಪೂರ್ತಿ ಸುತ್ತುವ ಲೇಬಲ್ ಆದರೆ ಒಂದರ ಮೇಲೊಂದು ಕೂರಲು 5 ಮಿ.ಮೀ. ಸೇರಿಸಿ. 209 ಆಯಿತು, ಅಂಚು ಬಿಟ್ಟರೆ ಎ4ರ ಅಗಲದಲ್ಲಿ ಹಿಡಿಯುವುದಿಲ್ಲ, ಉದ್ದಕ್ಕೇ ಹಾಕಬೇಕು. 50 ಮಿ.ಮೀ. ಎತ್ತರವಿದ್ದರೆ ಹಾಳೆಗೆ ಮೂರೇ ಮೂರು. 12×18 ಶೀಟಿನಲ್ಲಿ ಹತ್ತು. ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು ಚಿಕ್ಕ ಲೇಬಲ್ ಮಾಡಿದರೆ ಅಗ್ಗವೂ ಆಗುತ್ತದೆ, ಒಳಗಿನ ಪದಾರ್ಥವೂ ಕಾಣುತ್ತದೆ. ಉಪ್ಪಿನಕಾಯಿ ಕೊಳ್ಳುವವರು ಹೋಳು ನೋಡಿಯೇ ಕೊಳ್ಳುವುದು.

ಬಾಟಲಿಯ ಮೈ ನೇರವಾಗಿರುವಷ್ಟು ಎತ್ತರವನ್ನು ಮಾತ್ರ ಬಳಸಿ. ಕತ್ತು ಶುರುವಾಗುವಲ್ಲಿ, ತಳ ದುಂಡಗಾಗುವಲ್ಲಿ ಲೇಬಲ್ ಹೋದರೆ ನೆರಿಗೆ ಬೀಳುವುದು ಖಚಿತ. ಮೇಲೆ ಅಗಲ, ಕೆಳಗೆ ಸಪೂರ ಇರುವ ಬಾಟಲಿಗೆ ನೇರ ಪಟ್ಟಿ ಸುತ್ತಿದರೆ ಓರೆಯಾಗಿ ಹತ್ತುತ್ತದೆ. ಅಂಥದ್ದಕ್ಕೆ ಕಿರಿದಾದ ಮುಂಭಾಗದ ಲೇಬಲ್ ಒಂದೇ ಮದ್ದು. ಹತ್ತಾರು ಮಿ.ಲೀ. ಹಿಡಿಯುವ ಸಣ್ಣ ಎಣ್ಣೆ ಬಾಟಲಿಗೆ ದಪ್ಪ ಕಾಗದದ ಸ್ಟಿಕ್ಕರ್ ಹಚ್ಚಿದರೆ ಮರುದಿನ ಅಂಚು ಎದ್ದು ನಿಂತಿರುತ್ತದೆ. ಅಲ್ಲಿ ತೆಳು ಫಿಲ್ಮೇ ಬೇಕು.

ಬೋರ್‌ವೆಲ್ ನೀರಿನಲ್ಲಿ ಬಾಟಲಿ ತೊಳೆಯುವ ಬಡಾವಣೆಯವರು ಗಾಜನ್ನು ಬೆಳಕಿಗೆ ಹಿಡಿದು ನೋಡಬೇಕು. ಗಡಸು ನೀರು ಒಣಗಿ ಬಿಳಿ ಪುಡಿಯ ಪೊರೆ ಕಟ್ಟಿರುತ್ತದೆ, ಅಂಟು ಗಾಜಿಗೆ ಹತ್ತದೆ ಆ ಪೊರೆಗೆ ಹತ್ತುತ್ತದೆ. ವಿನೆಗರ್ ಹಾಕಿದ ನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಮೆಡಿಕಲ್ ಶಾಪಿನ ಸ್ಪಿರಿಟ್ಟಿನಲ್ಲಿ ಇನ್ನೊಮ್ಮೆ ಒರೆಸಿ ಹಚ್ಚಿ. ಬಿಸಿ ಸ್ಕ್ವಾಷ್ ತುಂಬಿದ ಬಾಟಲಿ ಪೂರ್ತಿ ಆರಿರಬೇಕು. ಫ್ರಿಜ್ಜಿನಿಂದ ತೆಗೆದ ಬಾಟಲಿಗೆ ನೇರವಾಗಿ ಹಚ್ಚುವುದೂ ಬೇಡ.

ಮಾರುವುದಿದ್ದರೆ

ನೆಂಟರಿಷ್ಟರಿಗೆ ಕೊಡುವುದಾದರೆ ಹೆಸರು, ದಿನಾಂಕ ಸಾಕು. ಮಾರಲು ಹೊರಟರೆ ಲೇಬಲ್ಲಿನ ಜಾಗವನ್ನು ಕಾನೂನು ಹಂಚಿಕೊಳ್ಳುತ್ತದೆ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ವಿನ್ಯಾಸ ಮಾಡಬೇಕು. ಆಹಾರ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಅಥವಾ ಪರವಾನಗಿಯ 14 ಅಂಕಿಯ ಸಂಖ್ಯೆ ಬೇಕು. ಅದರ 2020ರ ಲೇಬಲಿಂಗ್ ನಿಯಮಗಳ ಪ್ರಕಾರ ಪದಾರ್ಥದ ಹೆಸರು, ಹೆಚ್ಚಿನಿಂದ ಕಡಿಮೆ ತೂಕದ ಕ್ರಮದಲ್ಲಿ ಒಳಗಿರುವ ಸಾಮಗ್ರಿ, ಪೌಷ್ಟಿಕಾಂಶದ ಮಾಹಿತಿ, ಅಲರ್ಜಿಯ ಸೂಚನೆ, ನಿವ್ವಳ ತೂಕ, ತಯಾರಕರ ವಿಳಾಸ, ಬ್ಯಾಚ್, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ ಎಲ್ಲ ಬರಬೇಕು. ಸಸ್ಯಾಹಾರದ ಚಿಹ್ನೆ, ಅಂದರೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ಲೇಬಲ್ಲಿನ ಮುಖ್ಯ ಭಾಗ 100 ಚದರ ಸೆಂ.ಮೀ. ಒಳಗಿದ್ದರೆ ಕನಿಷ್ಠ 3 ಮಿ.ಮೀ. ವ್ಯಾಸದ್ದಿರಬೇಕು. 2011ರ ಲೀಗಲ್ ಮೆಟ್ರಾಲಜಿ (ತೂಕ, ಅಳತೆ) ಪೊಟ್ಟಣ ನಿಯಮಗಳಿಗೆ ಎಂಆರ್‌ಪಿ, ಗ್ರಾಹಕರು ಸಂಪರ್ಕಿಸಬಹುದಾದ ವಿವರ ಬೇಕು. ‘ಶುದ್ಧ’, ‘ನೈಸರ್ಗಿಕ’, ‘ತಾಜಾ’ ಎಂಬ ಮಾತುಗಳನ್ನು ದೊಡ್ಡಕ್ಷರದಲ್ಲಿ ಹಾಕುವ ಮುನ್ನ 2018ರ ಜಾಹೀರಾತು ಮತ್ತು ಪ್ರತಿಪಾದನೆಗಳ (ಕ್ಲೇಮ್ಸ್) ನಿಯಮ ಓದಿಕೊಳ್ಳಿ, ಅವಕ್ಕೆ ಷರತ್ತುಗಳಿವೆ. ಕೂದಲೆಣ್ಣೆ ಆಹಾರವಲ್ಲ, ಅದು ಸೌಂದರ್ಯವರ್ಧಕಗಳ ಕಾನೂನಿಗೆ ಬರುತ್ತದೆ, ಅದರ ಪರವಾನಗಿಯೇ ಬೇರೆ.

ಭಾಷೆಯ ವಿಚಾರದಲ್ಲಿ ಎರಡು ಕಡೆಯಿಂದಲೂ ಎಳೆತವಿದೆ. ಎಫ್‌ಎಸ್‌ಎಸ್‌ಎಐ ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿ ಇರಲೇಬೇಕು, ಜೊತೆಗೆ ಬೇರೆ ಭಾಷೆ ಇದ್ದರೆ ಅಡ್ಡಿಯಿಲ್ಲ ಅನ್ನುತ್ತದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ರಾಜ್ಯದಲ್ಲಿ ತಯಾರಾದ ಸರಕಿನ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆನ್ನುತ್ತದೆ. ಹಾಗಾಗಿ ಬರೀ ಕನ್ನಡವೂ ಸಾಲದು, ಬರೀ ಇಂಗ್ಲಿಷೂ ಸಾಲದು. ಮುಂಭಾಗದಲ್ಲಿ ಕನ್ನಡದ ಹೆಸರನ್ನು ದೊಡ್ಡದಾಗಿ, ಕೆಳಗೆ ಇಂಗ್ಲಿಷನ್ನು ಚಿಕ್ಕದಾಗಿ ಹಾಕಿ, ಸಸ್ಯಾಹಾರದ ಚಿಹ್ನೆ, ನಿವ್ವಳ ತೂಕ ಅಲ್ಲೇ ಉಳಿಸಿ, ಕಾನೂನಿನ ಉಳಿದ ಪಟ್ಟಿಯನ್ನು ಹಿಂಭಾಗದ ಲೇಬಲ್ಲಿಗೆ ಕಳಿಸಿದರೆ ಮುಖ ಚೊಕ್ಕವಾಗಿ ಉಳಿಯುತ್ತದೆ. ಎರಡು ಲೇಬಲ್ಲಿನ ಪರವಾಗಿ ನಾನು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

ದಿನಾಂಕ, ಬ್ಯಾಚ್, ಬೆಲೆ ಈ ಮೂರನ್ನು ಪೇಟೆಯಲ್ಲಿ ಮಾಡಿಸುವ ಲೇಬಲ್ಲಿನಲ್ಲಿ ಮುದ್ರಿಸಬೇಡಿ. ಅವುಗಳಿಗೆ ಖಾಲಿ ಜಾಗ ಬಿಟ್ಟು, ಪ್ರತಿ ಸಲ ತುಂಬಿದಾಗ ರಬ್ಬರ್ ಸ್ಟಾಂಪಿನಲ್ಲೋ ಚಿಕ್ಕ ಥರ್ಮಲ್ ಚೀಟಿಯಲ್ಲೋ ಹಾಕಿ. ಸ್ಟಾಂಪ್ ಒತ್ತುವವರು ಆ ಹಿಂಭಾಗದ ಲೇಬಲ್ಲಿಗೆ ಹೊಳಪಿನ ಲ್ಯಾಮಿನೇಷನ್ ಮಾಡಿಸಬಾರದು, ಸಾಮಾನ್ಯ ಸ್ಟಾಂಪ್ ಇಂಕ್ ಅದರ ಮೇಲೆ ಒಣಗುವುದೇ ಇಲ್ಲ.

ಮೊದಲ ಸಲ ಒಂದೆರಡು ತಿಂಗಳಿಗೆ ಆಗುವಷ್ಟು ಮಾತ್ರ ಮಾಡಿಸಿ. ವಿಳಾಸ ಬದಲಾಗುತ್ತದೆ, ಬಾಟಲಿ ಬೇರೆ ಅಳತೆಯದ್ದು ಬರುತ್ತದೆ, ಯಾರೋ ಒಬ್ಬರು ಕಾಗುಣಿತದ ತಪ್ಪು ಹಿಡಿಯುತ್ತಾರೆ. ಮಿಕ್ಕ ಶೀಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಿಸಿಲು ಬೀಳದ ಕಡೆ, ಮೇಲೊಂದು ದಪ್ಪ ಪುಸ್ತಕ ಹೇರಿ ಮಲಗಿಸಿಡಿ. ಸುರುಳಿ ಸುತ್ತಿಟ್ಟರೆ ಹಾಫ್ ಕಟ್ಟಿನ ಅಂಚುಗಳು ತಾವಾಗಿ ಏಳುತ್ತವೆ.